ಸಾವಯವ ಮೊಹರು: ನಂಬಿಕೆಯ ಖರ್ಚು ಯಾರ ಹೆಗಲಿಗೆ?

ಸಾವಯವ ಆಹಾರದ ಮಾತು ಬಂದಲ್ಲೆಲ್ಲ ಎರಡು ದೂರುಗಳು ಜೊತೆಜೊತೆಯಾಗಿ ಕೇಳಿಬರುತ್ತವೆ. ಕೊಳ್ಳುವವರ ಕಾಳಜಿಯೆಲ್ಲ ಬಾಯಿಮಾತು, ದುಡ್ಡು ಬಿಚ್ಚುವ ಹೊತ್ತಿಗೆ ಅಗ್ಗದ್ದನ್ನೇ ಎತ್ತಿಕೊಳ್ಳುತ್ತಾರೆ ಎಂಬುದು ಬೆಳೆಯುವವರ ದೂರು. ಅದು ನಿಜಕ್ಕೂ ಸಾವಯವವೋ ಅಲ್ಲವೋ ಯಾರು ಕಂಡಿದ್ದಾರೆ, ಹೆಚ್ಚು ಬೆಲೆ ತೆತ್ತು ಮೋಸಹೋಗುವುದೇಕೆ ಎಂಬುದು ಕೊಳ್ಳುವವರ ದೂರು. ಎರಡರಲ್ಲೂ ಸತ್ಯವಿದೆ. ಆದರೆ ಇವನ್ನು ಮನೋಭಾವದ ದೋಷವೆಂದು ನೋಡಿ, ರೈತರಿಗೆ ತಿಳಿವಳಿಕೆ ಕೊಡಬೇಕು, ಗ್ರಾಹಕರಲ್ಲಿ ಜಾಗೃತಿ ಮೂಡಿಸಬೇಕು ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಈ ಮನೋಭಾವಗಳ ಹಿಂದೆ ಒಂದು ಲೆಕ್ಕಾಚಾರವಿದೆ. ಮಣ್ಣನ್ನು ಕೆಡಿಸದೆ ಬೆಳೆದವರೇ ತಾವು ಕೆಡಿಸಿಲ್ಲವೆಂದು ಸಾಬೀತುಪಡಿಸಲು ಹಣ ಕಟ್ಟಬೇಕು. ಪದ್ಧತಿ ಬದಲಿಸುವ ವರ್ಷಗಳ ನಷ್ಟವನ್ನೂ ಅವರೇ ಹೊರಬೇಕು. ಈ ಹೊರೆಯನ್ನು ಹಂಚಿಕೊಳ್ಳುವ ದಾರಿ ಹುಡುಕದಿದ್ದರೆ ಎಷ್ಟು ಜಾಗೃತಿ ಮೂಡಿಸಿದರೂ ಹೊಲದಲ್ಲಿ ಏನೂ ಬದಲಾಗುವುದಿಲ್ಲ. ಇಂದು ನಾನು ನಿಮ್ಮ ಮುಂದೆ ವಾದಿಸಲು ಬಂದಿರುವುದು ಇದನ್ನೇ.

ಮೊದಲು ಸಾವಯವವೆಂದು ಪ್ರಮಾಣೀಕರಿಸಿ ಆಹಾರದ ಮೇಲೆ ಹಚ್ಚುವ ಮೊಹರು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಸಾವಯವವೆಂದರೆ ಯಾವ ಔಷಧಿಯನ್ನೂ ಸಿಂಪಡಿಸದ ಬೆಳೆ ಎಂದು ಭಾವಿಸುವವರು ಕೈ ಎತ್ತಿ ಎಂದು ಆಗಲೇ ಕೇಳಿದೆ. ನಿಮ್ಮಲ್ಲಿ ಹೆಚ್ಚಿನವರು ಎತ್ತಿದಿರಿ. ಅದು ಸರಿಯಲ್ಲ. ಸಾವಯವ ನಿಯಮಗಳು ಮುಖ್ಯವಾಗಿ ಸಂಶ್ಲೇಷಿತ ರಸಗೊಬ್ಬರ ಮತ್ತು ಕೀಟನಾಶಕಗಳನ್ನು, ಕುಲಾಂತರಿ ಬೀಜಗಳನ್ನು ನಿಷೇಧಿಸುತ್ತವೆ. ಗಂಧಕ, ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಸಿದ್ಧತೆಗಳು, ಪೈರೆಥ್ರಮ್ ಸೇವಂತಿಗೆಯ ಸಾರ, ತಾಮ್ರದ ಸಂಯುಕ್ತಗಳು ಇಂಥವನ್ನು ಮಿತಿಯೊಳಗೆ ಬಳಸಲು ಅನುಮತಿಯಿದೆ. ತಾಮ್ರವೇನೂ ನಿರುಪದ್ರವಿಯಲ್ಲ, ಅದು ಮಣ್ಣಿನಲ್ಲಿ ಉಳಿಯುತ್ತದೆ, ಎರೆಹುಳುಗಳಿಗೆ ಹಾನಿ ಮಾಡುತ್ತದೆ. ಹಾಗಾಗಿಯೇ ಐರೋಪ್ಯ ಒಕ್ಕೂಟವು ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋಗ್ರಾಂ ಮೀರುವಂತಿಲ್ಲ ಎಂದು ಮಿತಿ ಹಾಕಿದೆ. ಮೊಹರು ಖಾತರಿಪಡಿಸುವುದು ಬೆಳೆಯುವ ವಿಧಾನವನ್ನು. ಕೈಗೆ ಬಂದ ಹಣ್ಣಿನಲ್ಲಿ ವಿಷದ ಒಂದು ಕಣವೂ ಇಲ್ಲ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ, ಪಕ್ಕದ ಹೊಲದಲ್ಲಿ ಸಿಂಪಡಿಸಿದ್ದು ಗಾಳಿಯಲ್ಲಿ ತೇಲಿಬರುವ ಲೋಕದಲ್ಲಿ ಕೊಡಲೂ ಸಾಧ್ಯವಿಲ್ಲ.

ರೈತರಿಗೆ ಇದು ಚೆನ್ನಾಗಿ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಕಂದಕ ಶುರುವಾಗುವುದು ಇಲ್ಲಿಂದ. ಏಕೆ ಸಾವಯವ ಕೊಳ್ಳುತ್ತೀರಿ ಎಂದು ಕೇಳಿದರೆ ಹೆಚ್ಚಿನವರ ಮೊದಲ ಉತ್ತರ ಆರೋಗ್ಯ, ಅದರಲ್ಲೂ ಮಕ್ಕಳ ಆರೋಗ್ಯ. ಏಕೆ ಸಾವಯವಕ್ಕೆ ಹೊರಳಿದಿರಿ ಎಂದು ರೈತರನ್ನು ಕೇಳಿದರೆ ಮಣ್ಣಿನ ಮಾತು ಬರುತ್ತದೆ, ಗೊಬ್ಬರ ಮತ್ತು ಔಷಧಿಯ ಸಾಲದ ಮಾತು ಬರುತ್ತದೆ, ಸಿಂಪಡಿಸುವಾಗ ತಮ್ಮ ಮೈಗೇ ಆದ ತೊಂದರೆಯ ಮಾತು ಬರುತ್ತದೆ.

ಆರೋಗ್ಯದ ಬಗ್ಗೆ ವಿಜ್ಞಾನ ಹೇಳುವುದು ಅಂಗಡಿಯ ಫಲಕಕ್ಕಿಂತ ಎಚ್ಚರದ ಮಾತು. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚು ಎಂಬುದಕ್ಕೆ ಬಲವಾದ ಪುರಾವೆ ಅವರಿಗೆ ಸಿಗಲಿಲ್ಲ, ಕೀಟನಾಶಕದ ಶೇಷ ಇರುವ ಸಂಭವ ಮಾತ್ರ ಕಡಿಮೆ ಎಂದು ಕಂಡಿತು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಮುಂದಾಳತ್ವದ ತಂಡ ಇನ್ನೊಂದು ದೊಡ್ಡ ವಿಶ್ಲೇಷಣೆ ಮಾಡಿ, ಸಾವಯವ ಬೆಳೆಗಳಲ್ಲಿ ಉತ್ಕರ್ಷಣ ನಿರೋಧಕಗಳು (ಆಂಟಿಆಕ್ಸಿಡೆಂಟ್) ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಡಿಮೆ ಎಂದಿತು. ಈ ಎರಡರ ನಡುವಿನ ವಾದ ಇನ್ನೂ ಮುಗಿದಿಲ್ಲ. ನನ್ನ ತೀರ್ಮಾನ ಇಷ್ಟು: ಸಾವಯವದ ಅತ್ಯಂತ ಖಚಿತವಾದ ಲಾಭ ಸಿಗುವುದು ಹೊಲದಲ್ಲಿ ದುಡಿಯುವವರ ಮೈಗೆ, ಅಲ್ಲಿನ ಮಣ್ಣಿಗೆ, ನೀರಿಗೆ, ಕೀಟಗಳಿಗೆ. ತಿನ್ನುವವರ ತಟ್ಟೆಗೆ ಬರುವ ಲಾಭ ಅದಕ್ಕಿಂತ ಸಣ್ಣದು. ಇದನ್ನು ಮುಚ್ಚಿಟ್ಟು ಆರೋಗ್ಯದ ಹೆಸರಲ್ಲೇ ಮಾರುತ್ತ ಹೋದರೆ, ನಾಳೆ ಒಂದು ಪತ್ರಿಕಾ ವರದಿ ಬಂದ ಕೂಡಲೇ ಇಡೀ ನಂಬಿಕೆ ಕುಸಿಯುತ್ತದೆ, ಮತ್ತು ಕುಸಿದಾಗ ಅದರಡಿ ಸಿಲುಕುವವರು ರೈತರು.

ಮೊಹರು ನಮ್ಮ ತೀರ್ಪನ್ನೇ ಬಾಗಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 2010ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವವೆಂದು ಹೇಳಿದ ಬಿಸ್ಕತ್ತು ಮತ್ತು ಸಾಧಾರಣ ಬಿಸ್ಕತ್ತಿನ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದರು. ಕ್ಯಾಲೊರಿಯ ಸಂಖ್ಯೆ ಎರಡರಲ್ಲೂ ಒಂದೇ ಎಂದು ಮುಂದಿದ್ದರೂ ಸಾವಯವದ್ದರಲ್ಲಿ ಕ್ಯಾಲೊರಿ ಕಡಿಮೆ, ಅದನ್ನು ಹೆಚ್ಚು ಸಲ ತಿನ್ನಬಹುದು ಎಂದು ಅವರು ಭಾವಿಸಿದರು. ಸಕ್ಕರೆ ಸಾವಯವವಾದರೂ ಸಕ್ಕರೆಯೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ಈ ಚಳವಳಿ ಹುಟ್ಟಿದ್ದು ಮೊಹರಿನಿಂದಲ್ಲ. 1924ರಲ್ಲಿ ರುಡಾಲ್ಫ್ ಸ್ಟೈನರ್ ಎಂಬ ಚಿಂತಕ ಜೈವಿಕ ಚಲನಶೀಲ (ಬಯೋಡೈನಮಿಕ್) ಕೃಷಿಯ ಬಗ್ಗೆ ಉಪನ್ಯಾಸ ಕೊಟ್ಟರು. ಅದೇ ದಶಕದಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ಸಸ್ಯವಿಜ್ಞಾನಿ ಇಂದೂರಿನಲ್ಲಿ ಕಾಂಪೋಸ್ಟ್ ತಯಾರಿಕೆಯ ಪ್ರಯೋಗ ನಡೆಸುತ್ತಿದ್ದರು. ಅಲ್ಲಿನ ರೈತರೂ ಹೊಲದ ಕೀಟಗಳೂ ತಮ್ಮ ಗುರುಗಳೆಂದು ಅವರು ಗೌರವದಿಂದ ನೆನೆದಿದ್ದಾರೆ. 1946ರಲ್ಲಿ ಬ್ರಿಟನ್ನಿನಲ್ಲಿ ಈವ್ ಬಾಲ್ಫರ್ ಮತ್ತು ಸಂಗಡಿಗರು ಸಾಯಿಲ್ ಅಸೋಸಿಯೇಷನ್ ಕಟ್ಟಿದರು. ಇವರೆಲ್ಲರ ಚಿಂತೆ ಮಣ್ಣಿನದಾಗಿತ್ತು. ಆ ಸಂಸ್ಥೆ ತನ್ನ ಮೊದಲ ಲಿಖಿತ ಮಾನದಂಡಗಳನ್ನು ಹೊರತಂದದ್ದು 1967ರಲ್ಲಿ, ಅಂದರೆ ಎರಡು ದಶಕಗಳ ನಂತರ. 1972ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಐಫೋಮ್ ಎಂಬ, ಸಾವಯವ ಚಳವಳಿಗಳ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅಮೆರಿಕದ ಸಾವಯವ ಕಾನೂನು 1990ರದು, ಅದರ ನಿಯಮಗಳು ಪೂರ್ತಿಯಾಗಿ ಜಾರಿಗೆ ಬಂದದ್ದು 2002ರಲ್ಲಿ. ಬೆಳೆದವರ ಮುಖ ಕೊಂಡವರಿಗೆ ಕಾಣುವಷ್ಟು ದಿನ ಪ್ರಮಾಣಪತ್ರದ ಕಾಗದ ಬೇಕಾಗಿರಲಿಲ್ಲ. ನಡುವೆ ಸಗಟು ವ್ಯಾಪಾರಿ, ಸಂಸ್ಕರಣಾ ಘಟಕ, ಹಡಗು, ಸೂಪರ್ ಮಾರ್ಕೆಟ್ ಬಂದ ಹಾಗೆ ಕಾಗದ ಅನಿವಾರ್ಯವಾಯಿತು. ಕಾಗದದ ಬಗ್ಗೆ ನನಗೆ ದ್ವೇಷವಿಲ್ಲ. ದೂರದ ಮಾರುಕಟ್ಟೆಗೆ ಅದು ಬೇಕೇ ಬೇಕು. ಅದರ ಖರ್ಚು ಹರಿಯುವ ದಿಕ್ಕು ಮಾತ್ರ ನನ್ನ ತಕರಾರು.

ಈಗ ರೈತರ ಕಡೆ ಬರೋಣ. ಪರಿವರ್ತನೆಯ ಅವಧಿ ಎಂಬ ಮಾತನ್ನು ನೀವು ಕೇಳಿರಬಹುದು, ಅದರ ಒಳಗಿನ ಸಂಕಟವನ್ನು ಕೇಳಿರಲಾರಿರಿ. ಐರೋಪ್ಯ ನಿಯಮದಂತೆ ವಾರ್ಷಿಕ ಬೆಳೆಗೆ ಬಿತ್ತನೆಗೆ ಮೊದಲು ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೊದಲ ಸಾವಯವ ಕೊಯ್ಲಿಗೆ ಮುಂಚೆ ಮೂರು ವರ್ಷ, ಅಮೆರಿಕದಲ್ಲಿ ಎಲ್ಲಕ್ಕೂ ಮೂರು ವರ್ಷ ನಿಷೇಧಿತ ವಸ್ತುಗಳನ್ನು ಬಳಸದೆ ಕಳೆಯಬೇಕು. ಈ ಅವಧಿಯಲ್ಲಿ ಕೆಲಸವೆಲ್ಲ ಸಾವಯವದ ಕೆಲಸ, ಬೆಲೆ ಮಾತ್ರ ಸಾಧಾರಣ ಬೆಳೆಯದು. ಇಳುವರಿಯೂ ಇಳಿಯುತ್ತದೆ. 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ ಸಾವಯವ ಇಳುವರಿ ಬೆಳೆ ಮತ್ತು ಪದ್ಧತಿಗೆ ತಕ್ಕಂತೆ ಶೇಕಡಾ 5ರಿಂದ 34ರಷ್ಟು ಕಡಿಮೆ ಎಂದಿತು. ರಸಗೊಬ್ಬರಕ್ಕೆ ಒಗ್ಗಿಹೋದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಬಳಗ ಮತ್ತೆ ನೆಲೆಯೂರಲು ಸಮಯ ಬೇಕು. ಹೀಗಾಗಿ ಕೊರತೆ ಕಾಡುವುದು ಸರಿಯಾಗಿ ಈ ಆರಂಭದ ವರ್ಷಗಳಲ್ಲೇ.

ಕಳೆಯ ವಿಷಯವನ್ನು ಎಷ್ಟು ಹೇಳಿದರೂ ಕಡಿಮೆ. ಕಳೆನಾಶಕ ಬಿಟ್ಟ ಮೊದಲ ಮಳೆಗಾಲದಲ್ಲಿ ಹೊಲ ಹಸಿರು ಮುಳ್ಳುಹಾಸಾಗುತ್ತದೆ. ಅದನ್ನು ಕೀಳಲು ಆಳು ಬೇಕು, ಆಳು ಸಿಗದಿದ್ದರೆ ಮನೆಯವರ ಬೆನ್ನು ಬಾಗಬೇಕು, ಹೆಚ್ಚಾಗಿ ಹೆಂಗಸರ ಬೆನ್ನು. ಅದರ ಜೊತೆಗೆ ನೆರೆಹೊರೆಯವರ ಕಣ್ಣು. ಒಳ್ಳೆಯ ಬೇಸಾಯಗಾರರೆಂದರೆ ಯಾರು ಎಂಬುದಕ್ಕೆ ರೈತರ ನಡುವೆ ಬರೆಯದ ಅಳತೆಗೋಲುಗಳಿವೆ: ನೇರವಾದ ಸಾಲು, ಒಂದೇ ಎತ್ತರದ ಪೈರು, ಕಳೆಯಿಲ್ಲದ ನೆಲ. ರಸ್ತೆಯಲ್ಲಿ ಹೋಗುವವರೆಲ್ಲ ಹೊಲವನ್ನು ನೋಡಿ ಅದರ ಒಡೆಯರನ್ನು ಅಳೆಯುತ್ತಾರೆ. ಕಳೆ ತುಂಬಿದ ಹೊಲವನ್ನು ಸೋಮಾರಿತನದ ಗುರುತೆಂದೇ ಓದಲಾಗುತ್ತದೆ. ಎಷ್ಟೋ ರೈತರು ಸಾವಯವದ ವಿಚಾರವನ್ನು ಮನಸ್ಸಿನಲ್ಲಿ ಒಪ್ಪಿಯೂ ಹೆಜ್ಜೆ ಇಡದಿರುವುದು ಈ ಕಣ್ಣಿಗೆ ಅಂಜಿ. ತಮ್ಮವರ ನಡುವೆ ಮರ್ಯಾದೆ ಕಳೆದುಕೊಳ್ಳುವ ಭಯವನ್ನು ಹಿಂದುಳಿದ ಮನೋಭಾವ ಎಂದು ವರದಿಗಳಲ್ಲಿ ಬರೆಯುವುದು ಅನ್ಯಾಯ. ಈ ಭಯ ಕರಗುವ ಬಗೆಯೂ ಸ್ಪಷ್ಟ. ಹತ್ತಿರದ ಹೊಲದಲ್ಲಿ ಒಬ್ಬರು ಗೆದ್ದು ತೋರಿಸಿದರೆ ಸುತ್ತಲಿನವರು ಬೇಲಿ ದಾಟಿ ಬಂದು ಕೇಳುತ್ತಾರೆ. ತರಬೇತಿಯ ಕೊಠಡಿಯಲ್ಲಿ ತೋರಿಸುವ ಚಿತ್ರಗಳಿಗೆ ಆ ಶಕ್ತಿಯಿಲ್ಲ.

ಇನ್ನೊಂದು ತೊಡಕು ಸಲಹೆಯದು. ಗೊಬ್ಬರ ಮಾರುವವರೇ ಬೇಸಾಯದ ಸಲಹೆಗಾರರೂ ಆಗಿರುವಲ್ಲಿ, ಏನನ್ನೂ ಕೊಳ್ಳಬೇಡಿ, ಬೆಳೆ ಬದಲಿಸಿ ಎಂದು ಹೇಳುವವರು ಯಾರು?

ಇಷ್ಟೆಲ್ಲ ದಾಟಿ ಬಂದವರ ಮುಂದೆ ಪ್ರಮಾಣೀಕರಣ ನಿಲ್ಲುತ್ತದೆ. ತಪಾಸಣೆಯ ಶುಲ್ಕ, ಪ್ರತಿ ವರ್ಷದ ನವೀಕರಣ, ಬೀಜದ ಮೂಲದಿಂದ ಹಿಡಿದು ಗೋದಾಮಿನ ಮೂಲೆಯವರೆಗೆ ದಾಖಲೆ. ದೊಡ್ಡ ಜಮೀನಿನವರಿಗೆ ಇದು ಸಣ್ಣ ಖರ್ಚು, ತುಂಡು ಭೂಮಿಯವರಿಗೆ ಇಡೀ ಲಾಭವನ್ನೇ ನುಂಗುವಂಥದ್ದು. ಇದಕ್ಕಾಗಿಯೇ ಗುಂಪು ಪ್ರಮಾಣೀಕರಣ ಬಂದಿತು. ನೂರಾರು ಸಣ್ಣ ರೈತರು ಒಟ್ಟಾಗಿ ತಮ್ಮೊಳಗೇ ತಪಾಸಣೆಯ ವ್ಯವಸ್ಥೆ ಮಾಡಿಕೊಳ್ಳುತ್ತಾರೆ, ಹೊರಗಿನ ಸಂಸ್ಥೆ ಅದನ್ನು ಪರೀಕ್ಷಿಸಿ ಕೆಲವು ಹೊಲಗಳನ್ನು ಮಾತ್ರ ಆಯ್ದು ನೋಡುತ್ತದೆ. ಒಳ್ಳೆಯ ಉಪಾಯ. ಆದರೆ ಅನೇಕ ಕಡೆ ಆ ಪ್ರಮಾಣಪತ್ರ ರಫ್ತುದಾರರ ಹೆಸರಿನಲ್ಲಿತ್ತು. ಅವರನ್ನು ಬಿಟ್ಟು ಬೇರೆಯವರಿಗೆ ಮಾರಿದರೆ ಅದೇ ಬೆಳೆ ಸಾವಯವವೆನಿಸುತ್ತಿರಲಿಲ್ಲ. ವರ್ಷಗಟ್ಟಲೆ ಮಣ್ಣನ್ನು ಸಾಕಿದವರ ಕೈಯಲ್ಲಿ ಕಾಗದವಿಲ್ಲ, ಕಾಗದ ಇದ್ದವರ ಕೈಗೆ ಮಣ್ಣು ಅಂಟಿಲ್ಲ. 2022ರ ಜನವರಿಯಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ಹೊಸ ನಿಯಮವು ಗುಂಪಿನಲ್ಲಿ ಹೆಚ್ಚೆಂದರೆ 2000 ಸದಸ್ಯರಿರಬೇಕು, ಗುಂಪು ರೈತರದೇ ಆದ ಕಾನೂನುಬದ್ಧ ಸಂಸ್ಥೆಯಾಗಿರಬೇಕು ಎನ್ನುತ್ತದೆ. ಹಳೆಯ ಗುಂಪುಗಳನ್ನು ಒಡೆದು ಮತ್ತೆ ಕಟ್ಟುವ ಕಷ್ಟ ದೊಡ್ಡದೇ. ಹಾಗಿದ್ದರೂ ಪ್ರಮಾಣಪತ್ರ ರೈತರ ಹೆಸರಿಗೆ ಬರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನೈತಿಕ ವ್ಯಾಪಾರದ ಮೊಹರುಗಳ ಕತೆ ಬೇರೆ. 1988ರಲ್ಲಿ ಮೆಕ್ಸಿಕೋದ ಒವಾಹಾಕದ ಸಣ್ಣ ಕಾಫಿ ಬೆಳೆಗಾರರ ಸಹಕಾರ ಸಂಘ ಮತ್ತು ನೆದರ್ಲೆಂಡ್ಸಿನ ಕೆಲವರು ಸೇರಿ ಮ್ಯಾಕ್ಸ್ ಹ್ಯಾವೆಲಾರ್ ಎಂಬ ಗುರುತನ್ನು ಆರಂಭಿಸಿದರು. ನಮಗೆ ದಾನ ಬೇಡ, ಕಾಫಿಗೆ ನ್ಯಾಯವಾದ ಬೆಲೆ ಕೊಡಿ ಎಂಬುದು ಆ ಬೆಳೆಗಾರರ ಬೇಡಿಕೆಯಾಗಿತ್ತು. ಇಂದಿನ ಫೇರ್‌ಟ್ರೇಡ್ ಮೊಹರಿನ ಬೇರು ಅದು. ಮಾರುಕಟ್ಟೆ ಎಷ್ಟೇ ಕುಸಿದರೂ ಅನೇಕ ಬೆಳೆಗಳಿಗೆ ಕನಿಷ್ಠ ಬೆಲೆ, ಅದರ ಮೇಲೆ ಸಂಘಕ್ಕೆ ಪ್ರೀಮಿಯಂ ಎಂಬ ಹೆಚ್ಚುವರಿ ಹಣ, ಆ ಹಣವನ್ನು ಹೇಗೆ ಬಳಸಬೇಕೆಂದು ಸದಸ್ಯರೇ ತೀರ್ಮಾನಿಸುವ ಹಕ್ಕು ಅದರ ಆಧಾರಸ್ತಂಭಗಳು. ಕಪ್ಪೆಯ ಚಿತ್ರವಿರುವ ರೇನ್‌ಫಾರೆಸ್ಟ್ ಅಲಯನ್ಸ್ ಮೊಹರು ಕನಿಷ್ಠ ಬೆಲೆಯ ಖಾತರಿ ಕೊಡುವುದಿಲ್ಲ, ಅದರ ಒತ್ತು ಬೇರೆ ಕಡೆಗಿದೆ. ಈ ಎರಡೂ ಸಾವಯವದ ಮೊಹರುಗಳಲ್ಲ. ಅಂಗಡಿಯಲ್ಲಿ ನಿಂತವರಿಗೆ ಮಾತ್ರ ಎಲ್ಲವೂ ಒಂದೇ ಬಣ್ಣದ ಒಳ್ಳೆಯತನವಾಗಿ ಕಾಣುತ್ತವೆ.

ಫೇರ್‌ಟ್ರೇಡಿನ ಒಳಗಿರುವ ಒಂದು ಕಹಿಯನ್ನೂ ಹೇಳಬೇಕು. ಸಂಘವು ತನ್ನ ಇಡೀ ಬೆಳೆಗೆ ಮಾನದಂಡ ಪಾಲಿಸುತ್ತದೆ, ತಪಾಸಣೆಗೆ ಹಣ ಕಟ್ಟುತ್ತದೆ. ಆ ಷರತ್ತುಗಳ ಮೇಲೆ ಕೊಳ್ಳುವವರು ಸಾಕಷ್ಟಿಲ್ಲದ ಕಾರಣ ಎಷ್ಟೋ ಸಲ ಒಂದು ಪಾಲನ್ನು ಮಾತ್ರ ಆ ಬೆಲೆಗೆ ಮಾರಿ ಉಳಿದದ್ದನ್ನು ಮಾಮೂಲಿ ಬೆಲೆಗೆ ಬಿಟ್ಟುಕೊಡುತ್ತದೆ. ಕೂಲಿಕಾರರ ಪ್ರಶ್ನೆ ಇನ್ನೂ ಗಂಭೀರ. 2014ರಲ್ಲಿ ಲಂಡನ್ನಿನ ಸೋಯಾಸ್ ಸಂಸ್ಥೆಯ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾದಲ್ಲಿ ನಡೆಸಿದ ಅಧ್ಯಯನದಲ್ಲಿ, ಪ್ರಮಾಣೀಕೃತ ಪ್ರದೇಶಗಳ ಕೂಲಿಕಾರರ ಸ್ಥಿತಿ ಬೇರೆ ಕಡೆಗಿಂತ ಉತ್ತಮವಾಗಿಲ್ಲ, ಕೂಲಿ ಎಷ್ಟೋ ವೇಳೆ ಕಡಿಮೆಯೇ ಇದೆ ಎಂದು ಕಂಡರು. ಫೇರ್‌ಟ್ರೇಡ್ ಸಂಸ್ಥೆ ಆ ಹೋಲಿಕೆಯ ವಿಧಾನವನ್ನು ಪ್ರಶ್ನಿಸಿತು. ಸಣ್ಣ ಬೆಳೆಗಾರರೇ ಬಡವರಾಗಿರುವಾಗ ಅವರ ಕೈಕೆಳಗೆ ದುಡಿಯುವವರು ಇನ್ನೂ ಬಡವರು ಎಂಬುದನ್ನು ಮೊದಲ ಮಾನದಂಡಗಳು ಸರಿಯಾಗಿ ಗಮನಿಸಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಹಾಗೆಂದು ಮೊಹರನ್ನೇ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಕನಿಷ್ಠ ಬೆಲೆಯಿಂದಾಗಿ ಕುಸಿದ ಮಾರುಕಟ್ಟೆಯಲ್ಲೂ ತೋಟ ಉಳಿಸಿಕೊಂಡವರಿದ್ದಾರೆ.

ಇನ್ನು ಕೊಳ್ಳುವವರು. ಸಮೀಕ್ಷೆಯಲ್ಲಿ ಹೆಚ್ಚು ಬೆಲೆ ಕೊಡುತ್ತೇವೆ ಎಂದವರು ಅಂಗಡಿಯಲ್ಲಿ ಕೊಡುವುದಿಲ್ಲ ಎಂಬುದು ಸಂಶೋಧಕರಿಗೆ ಹಳೆಯ ಪಾಠ. ಆದರೂ ಅವರನ್ನು ಕಪಟಿಗಳೆನ್ನಲು ನನಗೆ ಮನಸ್ಸಿಲ್ಲ. ಅಮೆರಿಕದ ಒಂದು ಅಂಗಡಿ ಸಮೂಹದ 26 ಮಳಿಗೆಗಳಲ್ಲಿ ಕಾಫಿಯ ಮೇಲೆ ಫೇರ್‌ಟ್ರೇಡ್ ಗುರುತು ಹಚ್ಚಿ, ಬೆಲೆ ಏರಿಸಿ ಇಳಿಸಿ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಗುರುತು ಹಚ್ಚಿದ್ದರಿಂದಲೇ ಮಾರಾಟ ಸುಮಾರು ಶೇಕಡಾ 10ರಷ್ಟು ಏರಿತು. ಬೆಲೆ ಹೆಚ್ಚಿಸಿದಾಗ ದುಬಾರಿ ಕಾಫಿ ಕೊಳ್ಳುತ್ತಿದ್ದವರು ಹಾಗೆಯೇ ಉಳಿದರು, ಅಗ್ಗದ ಕಾಫಿ ಕೊಳ್ಳುತ್ತಿದ್ದವರು ಬೇರೆಯದಕ್ಕೆ ಹೋದರು. ಅಂದರೆ ಕಾಳಜಿ ಸುಳ್ಳಲ್ಲ, ಅದು ಜೇಬಿನ ಅಳತೆಗೆ ಸಿಕ್ಕಿಕೊಂಡಿದೆ. ತಿಂಗಳ ಕೊನೆಯಲ್ಲಿ ಪ್ರತಿ ಕಾಸನ್ನೂ ಎಣಿಸುವ ಮನೆಯವರ ಮೇಲೆ ಭೂಮಿಯನ್ನು ಉಳಿಸುವ ಹೊಣೆ ಹೊರಿಸುವುದು ಯಾವ ನ್ಯಾಯ?

ಅನುಮಾನಕ್ಕೂ ಕಾರಣವಿದೆ. ಅಮೆರಿಕದ ಮಿಸೌರಿಯ ಒಬ್ಬ ಧಾನ್ಯ ವ್ಯಾಪಾರಿ 2010ರಿಂದ 2017ರವರೆಗೆ ಸಾವಯವವೆಂದು ಮಾರಿದ ಧಾನ್ಯದ ಮೌಲ್ಯ 14 ಕೋಟಿ ಡಾಲರ್‌ಗಿಂತ ಹೆಚ್ಚು, ಅದರಲ್ಲಿ ಬಹುಪಾಲು ಸಾವಯವ ಆಗಿರಲೇ ಇಲ್ಲ. ಅವನಿಗೆ 2019ರಲ್ಲಿ ಹತ್ತು ವರ್ಷಕ್ಕೂ ಮೀರಿದ ಸೆರೆವಾಸದ ಶಿಕ್ಷೆ ವಿಧಿಸಲಾಯಿತು. ಅಷ್ಟು ವರ್ಷವೂ ಅವನ ಬಳಿ ಪ್ರಮಾಣಪತ್ರವಿತ್ತು. ಇಂಥ ಹಗರಣಗಳ ನಂತರ ಅಮೆರಿಕ ನಿಯಮಗಳನ್ನು ಬಿಗಿಗೊಳಿಸಿತು. ಹೊಸ ನಿಯಮಗಳು 2024ರ ಮಾರ್ಚ್‌ನಿಂದ ಜಾರಿಯಲ್ಲಿವೆ. ಬಿಗಿಗೊಳಿಸಿದ್ದು ಸರಿ. ಆದರೆ ಒಬ್ಬ ದೊಡ್ಡ ವ್ಯಾಪಾರಿಯ ಮೋಸಕ್ಕೆ ಹೆಚ್ಚಿದ ದಾಖಲೆಗಳ ಭಾರ ಕೊನೆಗೆ ಪ್ರಾಮಾಣಿಕವಾಗಿ ಬೆಳೆಯುವವರ ಮೇಲೂ ಬಂದು ಕೂರುತ್ತದೆ.

ಹಾಗಾದರೆ ಹೊರೆ ಹಂಚಿಕೊಂಡವರು ಯಾರು? ಹೇಗೆ? ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ ತೇಯ್ಕೇಯ್ ಪದ್ಧತಿಯಲ್ಲಿ ಮನೆಗಳ ಗುಂಪೊಂದು ರೈತರೊಡನೆ ನೇರ ಒಪ್ಪಂದ ಮಾಡಿಕೊಂಡು, ಬೆಳೆದದ್ದನ್ನೆಲ್ಲ ಮೊದಲೇ ಒಪ್ಪಿದ ಬೆಲೆಗೆ ತೆಗೆದುಕೊಳ್ಳುತ್ತದೆ, ಹಂಚುವ ಕೆಲಸಕ್ಕೂ ಕೈಜೋಡಿಸುತ್ತದೆ. ಬೆಳೆ ಕೆಟ್ಟ ವರ್ಷದ ನಷ್ಟ ಇಬ್ಬರದೂ. ಬ್ರೆಜಿಲ್‌ನಲ್ಲಿ ಇಕೋವಿಡಾ ಜಾಲದ ರೈತರು ಮತ್ತು ಗ್ರಾಹಕರು ಪರಸ್ಪರರ ಹೊಲಗಳಿಗೆ ಹೋಗಿ ತಾವೇ ಪರಿಶೀಲಿಸಿ ಭರವಸೆ ಕೊಡುತ್ತಾರೆ. ಸಹಭಾಗಿತ್ವದ ಖಾತರಿ ಎಂದು ಕರೆಯುವ ಈ ವಿಧಾನವನ್ನು ಅಲ್ಲಿನ ಕಾನೂನೂ ಮಾನ್ಯಮಾಡಿದೆ. ತಪಾಸಣೆಗೆ ಬಂದವರು ಕೀಟದ ಕಾಟಕ್ಕೆ ಉಪಾಯವನ್ನೂ ಹೇಳಿ ಹೋಗುತ್ತಾರೆ ಎಂಬುದು ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ಅಂಶ. ದೂರದ ದೇಶಕ್ಕೆ ಕಳುಹಿಸುವ ಬೆಳೆಗೆ ಇದು ಸಾಲದು, ಹತ್ತಿರದ ಮಾರುಕಟ್ಟೆಗೆ ಧಾರಾಳವಾಗಿ ಸಾಕು.

ಸರ್ಕಾರಗಳೂ ಮಾಡಿ ತೋರಿಸಿವೆ. ಡೆನ್ಮಾರ್ಕ್ 1987ರಲ್ಲೇ ಸಾವಯವ ಕೃಷಿಗೆ ಕಾನೂನು ತಂದಿತು. ಅಲ್ಲಿ ತಪಾಸಣೆಯನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ಮಾಡುತ್ತದೆ, ರೈತರಿಂದ ಶುಲ್ಕ ಕೇಳುವುದಿಲ್ಲ. ಚಿಲ್ಲರೆ ಆಹಾರ ಮಾರಾಟದಲ್ಲಿ ಸಾವಯವದ ಪಾಲು ಹತ್ತನೇ ಒಂದು ಭಾಗವನ್ನೂ ಮೀರಿದ್ದು ಇಂಥ ದೇಶದಲ್ಲಿ ಎಂಬುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಕೋಪನ್‌ಹೇಗನ್ ನಗರಾಡಳಿತ ತನ್ನ ಶಿಶುವಿಹಾರ, ಶಾಲೆ, ವೃದ್ಧಾಶ್ರಮಗಳ ಅಡುಗೆಮನೆಗಳಲ್ಲಿ ಶೇಕಡಾ 90ರಷ್ಟು ಸಾವಯವದ ಗುರಿ ಇಟ್ಟುಕೊಂಡು ಅದರ ಸಮೀಪಕ್ಕೆ ಬಂದಿತು. ಆಹಾರ ಖರೀದಿಯ ಬಜೆಟ್ ಹೆಚ್ಚಿಸಲಿಲ್ಲ. ಅಡುಗೆಯವರಿಗೆ ತರಬೇತಿ ಕೊಟ್ಟರು, ಮಾಂಸ ಕಡಿಮೆ ಮಾಡಿ ಋತುಮಾನದ ತರಕಾರಿ ಹೆಚ್ಚಿಸಿದರು, ಪೋಲು ತಡೆದರು. ಬ್ರೆಜಿಲ್‌ನ 2009ರ ಕಾನೂನು ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಬೇಕೆಂದಿತು. ಸಾವಯವಕ್ಕೆ ಹೆಚ್ಚಿನ ಬೆಲೆ ಕೊಡಲೂ ಅಲ್ಲಿ ಅವಕಾಶವಿದೆ. ಇಂಥ ಕಡೆ ರೈತರಿಗೆ ಖಚಿತವಾದ ಕೊಳ್ಳುವವರು ಸಿಗುತ್ತಾರೆ, ಬಡವರ ಮಕ್ಕಳ ತಟ್ಟೆಗೂ ಒಳ್ಳೆಯ ಆಹಾರ ಬರುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯನ್ನು ಶ್ರೀಲಂಕಾ ಹಿಡಿಯಿತು. 2021ರ ಏಪ್ರಿಲ್‌ನಲ್ಲಿ ರಸಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ದೇಶ ಸಾವಯವವಾಗಬೇಕೆಂದು ಆಜ್ಞೆಯಾಯಿತು. ಸಾವಯವ ಗೊಬ್ಬರ ಸಾಕಷ್ಟಿರಲಿಲ್ಲ, ತರಬೇತಿಯಿರಲಿಲ್ಲ, ನಷ್ಟ ತುಂಬುವ ಏರ್ಪಾಡು ಮೊದಲೇ ಆಗಿರಲಿಲ್ಲ. ಭತ್ತದ ಇಳುವರಿ ಕುಸಿಯಿತು, ರೈತರು ಬೀದಿಗಿಳಿದರು, ನವೆಂಬರ್ ಹೊತ್ತಿಗೆ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಾವಯವ ಕೃಷಿಯೇ ಸೋತಿತು ಎಂದು ಬರೆದವರಿದ್ದಾರೆ. ಅಲ್ಲಿ ಸೋತದ್ದು ಪರಿವರ್ತನೆಯ ಪೂರ್ತಿ ಭಾರವನ್ನು ಒಂದೇ ಹಂಗಾಮಿನಲ್ಲಿ ರೈತರ ತಲೆಗೆ ಕಟ್ಟಿದ ಧೋರಣೆ.

ಸಾಮಾನ್ಯ ಗ್ರಾಹಕರು ಏನು ಮಾಡಬಹುದು ಎಂದು ಸಭೆಯಿಂದ ಒಂದು ಚೀಟಿ ಬಂದಿದೆ. ಪರಿವರ್ತನೆಯ ಹಂತದಲ್ಲಿರುವ ಹೊಲದ ಬೆಳೆಯನ್ನು ಕೇಳಿ ಕೊಳ್ಳಿ ಎನ್ನುವುದು ನನ್ನ ಉತ್ತರ. ಐರೋಪ್ಯ ನಿಯಮದಲ್ಲಿ ಹನ್ನೆರಡು ತಿಂಗಳು ಕಳೆದ ಹೊಲದ ಬೆಳೆಯನ್ನು ಪರಿವರ್ತನೆಯಲ್ಲಿರುವ ಉತ್ಪನ್ನ ಎಂದು ಹೆಸರಿಸಿ ಮಾರಬಹುದು. ಅದರ ಮೇಲೆ ಐರೋಪ್ಯ ಸಾವಯವದ ಗುರುತಾದ ಹಸಿರು ಎಲೆಯ ಮೊಹರು ಇರುವುದಿಲ್ಲ, ಹಾಗಾಗಿ ಯಾರೂ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ಸಾವಯವದ ಬೆಲೆ ಅತಿಹೆಚ್ಚು ಬೇಕಾಗಿರುವುದು ಆ ವರ್ಷಗಳಲ್ಲೇ. ನಿಮ್ಮ ಬಡಾವಣೆಯ ಹತ್ತು ಮನೆಗಳು ಸೇರಿ ಅಂಥ ಒಬ್ಬ ರೈತರೊಂದಿಗೆ ಮೂರು ವರ್ಷಗಳ ಖರೀದಿಗೆ ಮಾತು ಕೊಡಬಹುದು. ಬೆಲೆಯನ್ನು ಬಿತ್ತನೆಗೆ ಮೊದಲೇ ಕುಳಿತು ನಿಗದಿಮಾಡಿ, ಸಾಧ್ಯವಿದ್ದರೆ ಒಂದು ಭಾಗವನ್ನು ಮುಂಗಡವಾಗಿ ಕೊಡಿ. ಕಳೆ ಕೀಳುವ ಹೊತ್ತಿಗೆ ಒಮ್ಮೆ ಹೊಲಕ್ಕೆ ಹೋಗಿ ನೋಡಿ, ಆಗ ಆ ಬೆಲೆ ಏಕೆ ಎಂಬುದನ್ನು ಯಾರೂ ವಿವರಿಸಬೇಕಾಗುವುದಿಲ್ಲ.